ಪುಟ್ಟಕ್ಕ ಜೀಪು ಹತ್ತಿಸಿದ ಏಳು ಗಂಡಸರು

ಬಸರೀಕಟ್ಟೆಯ ಪುಟ್ಟಕ್ಕನಿಗೆ ಸರ್ಕಾರ ಇನ್ನೂ ಸಾವಿರದ ನಾನೂರು ರೂಪಾಯಿ ಕೊಡಬೇಕು. ತಲೆಗೆ ಇನ್ನೂರರ ಹಾಗೆ ಏಳು ತಲೆ. ತಲೆ ಎಂದರೆ ಗಂಡಸರ ತಲೆ. ಕೆಲಸ ನಡೆದದ್ದು ಮಾತ್ರ ತಲೆಯಿಂದ ಸಾಕಷ್ಟು ಕೆಳಗೆ. ಎರಡು ಸಾವಿರದ ಒಂಬತ್ತನೇ ಇಸವಿ, ಹಂದಿಜ್ವರ ಊರೂರಿಗೆ ಮಾಸ್ಕು ತೊಡಿಸಿದ ವರ್ಷ, ಅವಳು ಏಳು ಗಂಡಸರನ್ನು ಜೀಪು ಹತ್ತಿಸಿ ಸಂತಾನಹರಣ ಆಪರೇಷನ್ ಮಾಡಿಸಿಕೊಂಡು ಬಂದಳು. ದುಡ್ಡು ಯಾಕೆ ಬರಲಿಲ್ಲ ಎಂಬುದು ಆಮೇಲಿನ ಮಾತು. ಆ ಏಳರಲ್ಲಿ ಮೊದಲನೆಯವನಾದ ಜಟ್ಟಪ್ಪ ಜೀಪು ಹತ್ತಿದ್ದು ಹೇಗೆ ಎಂಬುದನ್ನು ಮೊದಲು ಕೇಳಿ. ಸುತ್ತಲ ಹತ್ತು ಹಳ್ಳಿಯ ಕೊನೆಗಾರರಲ್ಲಿ, ಅಂದರೆ ಅಡಿಕೆ ಮರ ಹತ್ತಿ ಗೊನೆ ಕೊಯ್ಯುವವರಲ್ಲಿ, ಅವನನ್ನು ಮೀರಿಸಿದವರಿರಲಿಲ್ಲ. ಒಂದು ಸಲ ಮರ ಹತ್ತಿದನೆಂದರೆ ಮರದಿಂದ ಮರಕ್ಕೆ ಬಾಗಿಸಿ ದಾಟುತ್ತ ಮೂವತ್ತು ಮರ ಮುಗಿಸಿಯೇ ನೆಲ ಮುಟ್ಟುತ್ತಿದ್ದ. ಅಂಥವನನ್ನು ಆ ಟೇಬಲ್ಲಿನ ಮೇಲೆ ಮಲಗಿಸಿದ್ದು ಸಣ್ಣ ಕೆಲಸವಲ್ಲ!

ಪುಟ್ಟಕ್ಕ ಆಶಾ ಕಾರ್ಯಕರ್ತೆಯಾಗಿ ಆಗ ಒಂದೂವರೆ ವರ್ಷ. ಅದಕ್ಕೆ ಮುಂಚೆ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದಳು. ಹಣ್ಣು ತೂಗುವಾಗ ತಕ್ಕಡಿಗೆ ಬೆರಳು ತಾಗಿಸುತ್ತಿದ್ದ ರೈಟರನ ಬೆರಳನ್ನು ಎಲ್ಲರ ಮುಂದೆ ಹಿಡಿದೆತ್ತಿ, "ಇದೊಂದರ ತೂಕ ಎಷ್ಟು ಸ್ವಾಮಿ? ಅದನ್ನ ಕಳೆದು ಬರ್ಕೊಳ್ಳಿ" ಎಂದವಳು. ಓದಿದ್ದು ಎಂಟನೇ ಕ್ಲಾಸು. ಗಂಡ ವಾಸಪ್ಪ ಮುಕ್ಕಾಲು ಎಕರೆ ಗದ್ದೆಯ ಒಡೆಯ, ಮಾತು ಕಡಿಮೆ. ಎರಡು ಮಕ್ಕಳಾದ ಮೇಲೆ ಅವಳೇ ಕ್ಯಾಂಪಿಗೆ ಹೋಗಿ ಹೊಟ್ಟೆ ಕೊಯ್ಯಿಸಿಕೊಂಡಳು. ನಲವತ್ತು ಹೆಂಗಸರನ್ನು ಶಾಲೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದ್ದರು. ವಾಸಪ್ಪ ಹೊರಗೆ ಮಾವಿನ ಮರದ ಬುಡದಲ್ಲಿ ಬೀಡಿ ಸೇದುತ್ತಿದ್ದ. ಅವಳಿಗೆ ಆ ದಿನದ ನೋವು ಮರೆತುಹೋಗಿದೆ. ಬೀಡಿಯ ವಾಸನೆ ಮಾತ್ರ ಮರೆತಿಲ್ಲ.

ಜಟ್ಟಪ್ಪನ ಹೆಂಡತಿ ಅನ್ನಮ್ಮನಿಗೆ ಇಪ್ಪತ್ತೇಳು ವರ್ಷ, ಮೂರು ಮಕ್ಕಳು. ಮೂರನೆಯದು ಆ ಜನವರಿಯಲ್ಲಿ ಹುಟ್ಟುವಾಗ ಮೈಯ ರಕ್ತವೆಲ್ಲ ಹರಿದು, ಶಿವಮೊಗ್ಗದವರೆಗೂ ಒಯ್ದು, ಮೂರು ಬಾಟ್ಲಿ ರಕ್ತ ಕೊಟ್ಟು ಉಳಿಸಿಕೊಂಡಿದ್ದರು. ಅಲ್ಲಿನ ಡಾಕ್ಟರಮ್ಮ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದು, ಬಾಯಲ್ಲಿ ಕನ್ನಡದಲ್ಲಿ ಹೇಳಿದ್ದು ಇಷ್ಟು: "ಇನ್ನೊಂದು ಬಸುರಾದ್ರೆ ಈಕೆ ಉಳಿಯಲ್ಲ. ಈಗ ಆಪರೇಷನ್ ತಡ್ಕೊಳ್ಳೋ ಶಕ್ತಿ ಇಲ್ಲ. ರಕ್ತ ಹತ್ತಕ್ಕೆ ಬರಲಿ, ಆಮೇಲೆ ಮಾಡ್ಸಿ."

ಪುಟ್ಟಕ್ಕ ಆರು ತಿಂಗಳು ಅನ್ನಮ್ಮನ ಬೆನ್ನು ಬಿಡಲಿಲ್ಲ. ಕಬ್ಬಿಣದ ಮಾತ್ರೆ ನುಂಗಿಸಿದಳು, ನುಗ್ಗೆಸೊಪ್ಪು ತಿನ್ನಿಸಿದಳು, ಗದ್ದೆಯ ಏಡಿ ಹಿಡಿದು ಸಾರು ಮಾಡಿಸಿ ಎದುರಿಗೆ ಕೂತು ಕುಡಿಸಿದಳು. ಜುಲೈ ಕೊನೆಗೆ ರಕ್ತ ಹತ್ತು ದಾಟಿತು! ಆಗಸ್ಟ್ ಹದಿಮೂರು, ಗುರುವಾರ, ದೊಡ್ಡಾಸ್ಪತ್ರೆಯಲ್ಲಿ ಕ್ಯಾಂಪು. ಹಿಂದಿನ ದಿನ ಪುಟ್ಟಕ್ಕ ಹಬ್ಬದ ಹಾಗೆ ಓಡಾಡಿದಳು.

ಗುರುವಾರ ಬೆಳಿಗ್ಗೆ ಆ ಆಸ್ಪತ್ರೆಯ ಗೇಟಿನಲ್ಲಿ ಹತ್ತೊಂಬತ್ತು ಹೆಂಗಸರು ಖಾಲಿ ಹೊಟ್ಟೆಯಲ್ಲಿ, ಬಟ್ಟೆಗಂಟು ಹಿಡಿದು ನಿಂತಿದ್ದರು. ಗೇಟಿಗೆ ಬೀಗ, ಬೀಗದ ಮೇಲೊಂದು ಚೀಟಿ: ಕ್ಯಾಂಪು ಮುಂದಿನ ಆದೇಶದವರೆಗೆ ರದ್ದು. ಒಳಗೆ ಕುರ್ಚಿಯಲ್ಲಿ ಕೂತಿದ್ದ ವಾಚ್‌ಮನ್ ಮೂಗಿಗೆ ಮಾಸ್ಕು ಹಾಕಿ, ಮಾತಾಡಲೆಂದು ಅದನ್ನು ಗಲ್ಲಕ್ಕೆ ಇಳಿಸಿದ.

"ಒಳಗೆ ಹಂದಿಜ್ವರದ ವಾರ್ಡು ಮಾಡಿದಾರಮ್ಮ. ಆಪರೇಷನ್ ಕೋಣೆನೂ ಅದಕ್ಕೇ ತಗೊಂಡಿದಾರೆ. ಡಾಕ್ಟ್ರು ಜ್ವರದ ಡ್ಯೂಟಿಗೆ ಹೋದ್ರು."

"ಎಷ್ಟು ಜನ ಇದಾರೆ ಒಳಗೆ, ಜ್ವರದವ್ರು?" ಪುಟ್ಟಕ್ಕ ಕೇಳಿದಳು.

"ಇನ್ನೂ ಯಾರೂ ಬಂದಿಲ್ಲ."

"ಮತ್ತೆ?"

"ಬಂದ್ರೆ ಅಂತ."

"ಬರದೇ ಇರೋರಿಗೆ ಹಾಸಿಗೆ ಹಾಸಿದೀರಿ. ಬಂದು ನಿಂತೋರಿಗೆ ಬಾಗಿಲಿಲ್ಲ. ಚೆನ್ನಾಗಿದೆ ಮಾರಾಯ ನಿಮ್ಮ ಮರ್ಯಾದೆ!"

ಜ್ವರವೇನೂ ಸುಳ್ಳಲ್ಲ. ಪೇಪರಿನಲ್ಲಿ ದಿನಾ ಸಾವಿನ ಸುದ್ದಿ ಬರುತ್ತಿತ್ತು, ಜಯಪುರದ ಬಸ್ಸಿನಲ್ಲಿ ಒಬ್ಬ ಕೆಮ್ಮಿದರೆ ಅಕ್ಕಪಕ್ಕದ ಸೀಟು ಖಾಲಿಯಾಗುತ್ತಿತ್ತು, ಕಾಡುಹಂದಿ ತಿಂದವರು ಹೆದರಿ ಬಾಯಿ ಮುಚ್ಚಿಕೊಂಡಿದ್ದರು. ಆದರೆ ಜ್ವರ ಬಂತೆಂದು ಗಂಡ ಹೆಂಡತಿ ಬೇರೆ ಬೇರೆ ಮನೆಗೆ ಹೋಗುತ್ತಾರೆಯೇ? ಹತ್ತೊಂಬತ್ತು ಹೆಂಗಸರೂ ವಾಪಸ್ ಹೋಗಿದ್ದು ಅದೇ ಮನೆಗೆ, ಅದೇ ಹಾಸಿಗೆಗೆ.

ಆ ಭಾಗದ ನರ್ಸು ನೀಲಾಂಬಿಕೆ. ನರಸಿಂಹರಾಜಪುರದ ಕಡೆಯವಳು, ಕೆಲಸಗಾತಿ. ಪುಟ್ಟಕ್ಕ ನೇರ ಅವಳಲ್ಲಿಗೆ ಹೋದಳು. ನೀಲಾಂಬಿಕೆ ಅನ್ನಮ್ಮನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ ತಲೆಯಾಡಿಸಿದಳು.

"ಕಾಪರ್-ಟಿ ಹಾಕಿದ್ರೆ ಮುಟ್ಟಿನ ರಕ್ತ ಜಾಸ್ತಿ ಹೋಗಬಹುದು, ಈಕೆಗೆ ಬೇಡ. ಮಾತ್ರೆ ಅಂದ್ರೆ ಮಗು ಇನ್ನೂ ಹಾಲು ಕುಡೀತಿದೆ. ಸ್ಟೋರಲ್ಲೂ ಖಾಲಿ, ಸ್ಟೋರಿನವರೂ ಜ್ವರದ ಡ್ಯೂಟಿ. ಸದ್ಯಕ್ಕೆ ಇದು" ಎಂದು ನಿರೋಧಿನ ದೊಡ್ಡ ಪೊಟ್ಟಣ ಕೈಗಿಟ್ಟಳು. "ಗಂಡನಿಗೆ ಸರಿಯಾಗಿ ಹೇಳಿಕೊಡಿ ಪುಟ್ಟಕ್ಕ. ನಿಮ್ಮ ಬಾಯಲ್ಲಿ ಹೇಳಿದ್ರೆ ತಲೆಗೆ ಹೋಗುತ್ತೆ."

ಪುಟ್ಟಕ್ಕ ಹೇಳಿಕೊಟ್ಟಳು. ತಲೆಗೆ ಹೋಯಿತು ಕೂಡ. ಎಡವಟ್ಟಾದದ್ದೇ ಅಲ್ಲಿ.

ಅಡಿಕೆ ಗೊನೆಗೆ ಕೊಳೆರೋಗ ತಗುಲದಿರಲಿ ಎಂದು ಮಳೆಗಾಲಕ್ಕೆ ಮುಂಚೆ ಪ್ಲಾಸ್ಟಿಕ್ ಚೀಲ ತೊಡಿಸಿ ಬಿಗಿಯಾಗಿ ಕಟ್ಟುತ್ತಾರೆ. ಅದಕ್ಕೆ ಕೊಟ್ಟೆ ಎನ್ನುತ್ತಾರೆ. ಕೊನೆಗಾರರು ತೋಟದ ಶೆಡ್ಡಿನಲ್ಲಿ ಚಹಾ ಕುಡಿಯುತ್ತಿದ್ದಾಗ ಪುಟ್ಟಕ್ಕ ಜಟ್ಟಪ್ಪನನ್ನು ಪಕ್ಕಕ್ಕೆ ಕರೆದು, ಪಕ್ಕದಲ್ಲಿದ್ದವರಿಗೂ ಕೇಳಿಸುವ ಹಾಗೆ ಪಾಠ ಶುರುಮಾಡಿದಳು.

"ಜಟ್ಟಪ್ಪ, ಕೊಟ್ಟೆ ಕಟ್ಟೋದು ಮಳೆಗೆ ಮುಂಚೆಯೋ, ಮಳೆ ಹಿಡಿದ ಮೇಲೋ?"

"ಮುಂಚೆ ಅಲ್ವನಕ್ಕ."

"ತುದಿ ಹರಿದಿದ್ರೆ?"

"ನೀರಿಳಿಯುತ್ತೆ."

"ಅಷ್ಟೇ ಮಾರಾಯ. ಇದೂ ಕೊಟ್ಟೆನೇ. ನಿಂಗೆ ನಾನು ಹೇಳಿಕೊಡೋದೆಂತ ಉಂಟು?"

ಅಲ್ಲೇ ಕೂತಿದ್ದ ಬೈರಪ್ಪನೂ ಮರ ಹತ್ತುವವನೇ. ಮರಕ್ಕಿಂತ ಅವನ ಬಾಯಿ ಎತ್ತರ. "ಪುಟ್ಟಕ್ಕ, ನಂಗೊಂದಿಷ್ಟು ಕೊಟ್ಟೆ ಕೊಡೇ" ಎಂದ.

"ನಿಂದಕ್ಕೆ ಬೇಡ ಬಿಡು. ಅದು ಹಿಂಗಾರದ ಹೂವಿನಲ್ಲೇ ಒಣಗಿದೆ."

ಶೆಡ್ಡು ಹಾರಿ ಬೀಳುವಷ್ಟು ನಗು. ಪುಟ್ಟಕ್ಕ ಹೆಮ್ಮೆಯಿಂದ ಮನೆಗೆ ಹೋದಳು. ತರಬೇತಿಯಲ್ಲಿ ಪಟ ತೋರಿಸಿ ತೋರಿಸಿ ಸೋತವರಿಗೆ ಬಾರದ ಉಪಾಯ ತನಗೆ ಹೊಳೆಯಿತಲ್ಲ ಎಂದು ದಾರಿಯುದ್ದಕ್ಕೂ ಒಬ್ಬಳೇ ಮುಸಿಮುಸಿ ನಕ್ಕಳು.

ಸೆಪ್ಟೆಂಬರ್ ಇಪ್ಪತ್ತರ ಹೊತ್ತಿಗೆ ಆ ನಗು ಇಳಿಯಿತು. ಮಗುವಿನ ತೂಕ ನೋಡಲು ಹೋದವಳಿಗೆ ಅನ್ನಮ್ಮ ಒಲೆಯ ಮುಂದೆ ಕೂತು, ಬೆಂಕಿಯನ್ನೇ ನೋಡುತ್ತ ಹೇಳಿದಳು: "ಅಕ್ಕ, ಹತ್ತು ದಿನ ಮೇಲಾಯ್ತು. ಮುಟ್ಟಾಗಿಲ್ಲ."

"ಕೊಟ್ಟೆ ಕಟ್ಕೊಳ್ಲಿಲ್ವನೇ ಅವನು?"

"ಕಟ್ಕೊಂಡ್ರು. ಒಂದು ಸಲನೂ ತಪ್ಪಿಸಿಲ್ಲ."

"ಪೊಟ್ಟಣ ಖಾಲಿ ಆಯ್ತಾ ಹಾಗಾದ್ರೆ?"

"ಎಲ್ಲಿಂದ ಖಾಲಿಯಾಗುತ್ತೆ? ಹಾಗೇ ಇದೆ. ಎರಡೇ ತೆಗೆದಿದ್ದು."

"ಒಂದು ತಿಂಗಳ ಮೇಲಾಯ್ತಲ್ಲೇ! ಎರಡೇ?"

"ಒಂದು ಒಣಗೋವರೆಗೆ ಇನ್ನೊಂದು" ಎಂದು ಅನ್ನಮ್ಮ ಅಟ್ಟದ ಕಡೆ ಕೈತೋರಿದಳು.

ಪುಟ್ಟಕ್ಕ ತಲೆಯೆತ್ತಿ ನೋಡಿದಳು. ಒಲೆಯ ಮೇಲಿನ ಅಟ್ಟದಲ್ಲಿ ಕಳೆದ ವರ್ಷದ ಹಳೇ ಕೊಟ್ಟೆಗಳು ಸುತ್ತಿ ಇಟ್ಟಿದ್ದವು. ಅವುಗಳ ಪಕ್ಕ ದಾರ ಕಟ್ಟಿ, ಹೊಗೆ ತಾಗುವ ಹಾಗೆ ಅಚ್ಚುಕಟ್ಟಾಗಿ ತೂಗುಹಾಕಿದ್ದವು ಆ ಎರಡು. ಕೊಟ್ಟೆಯನ್ನು ಯಾರಾದರೂ ಒಂದೇ ಸಲಕ್ಕೆ ಎಸೆಯುತ್ತಾರೆಯೇ? ತೊಳೆದು, ಒಣಗಿಸಿ, ಅಟ್ಟಕ್ಕೆ ಹಾಕಿದರೆ ಮೂರು ಮಳೆಗಾಲ ಬಾಳುತ್ತದೆ. ಜಟ್ಟಪ್ಪ ಒಳ್ಳೆಯ ಕೆಲಸಗಾರ. ಮಾಲು ಹಾಳು ಮಾಡುವವನಲ್ಲ.

ಬೇರೆ ಯಾರಾದರೂ ಆಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಪುಟ್ಟಕ್ಕನಿಗೆ ನಗು ಬರಲಿಲ್ಲ. ಜಟ್ಟಪ್ಪ ಹೇಳಿದ ಮಾತನ್ನು ಅಕ್ಷರ ತಪ್ಪದೆ ಪಾಲಿಸಿದ್ದ. ಹೇಳಿದವಳು ತಾನು. ಒಂದು ಸಲಕ್ಕೆ ಒಂದು, ಆಮೇಲೆ ಎಸೆ ಎಂಬ ಒಂದೇ ಒಂದು ಮಾತು ಹೇಳುವುದು ಬಿಟ್ಟು, ಶೆಡ್ಡಿನವರನ್ನು ನಗಿಸಿ ಮನೆಗೆ ಹೋಗಿದ್ದಳು.

ಮಾರನೇ ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಬಸುರು ನೋಡುವ ಕಿಟ್ಟು ಹಿಡಿದು ಬಂದಳು. ಪಟ್ಟಿಯ ಮೇಲೆ ಮೂರು ಹನಿ ಬಿಟ್ಟು ಐದು ನಿಮಿಷ ಕಾಯಬೇಕು. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಉಂಟು. ಅನ್ನಮ್ಮ ಗೋಡೆಯ ಕಡೆ ತಿರುಗಿ ಕೂತಳು. ಜಟ್ಟಪ್ಪ ಬಾಗಿಲಲ್ಲಿ ನಿಂತಿದ್ದ. ಮೊದಲ ಗೆರೆ ಕೆಂಪಗೆ ಮೂಡಿತು. ಎರಡನೆಯದರ ಜಾಗವನ್ನು ಪುಟ್ಟಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಮೂರು ನಿಮಿಷ, ನಾಲ್ಕು, ಐದು. ದೀಪದ ಹತ್ತಿರ ಹಿಡಿದು ನೋಡಿದಳು, ಬಾಗಿಲ ಬೆಳಕಿಗೆ ತಂದು ನೋಡಿದಳು.

"ಒಂದೇ ಗೆರೆ! ಒಂದೇ ಕಣೇ ಅನ್ನಮ್ಮ! ಒಂದೇ!" ಎಂದು ಅವಳು ಕೂಗಿದ ರಭಸಕ್ಕೆ ತೊಟ್ಟಿಲ ಮಗು ಎದ್ದು ಅಳತೊಡಗಿತು. ಮೂರು ದಿನ ಬಿಟ್ಟು ಅನ್ನಮ್ಮ ಮುಟ್ಟಾದಳು. ಆ ವರ್ಷ ಮುಟ್ಟಿನ ಸುದ್ದಿಯನ್ನು ಅಷ್ಟು ಸಂಭ್ರಮದಿಂದ ಕೇಳಿದ ಇನ್ನೊಬ್ಬರು ಇರಲಾರರು.

ಆದರೆ ಪುಟ್ಟಕ್ಕ ಅಲ್ಲಿಗೆ ಬಿಡುವವಳಲ್ಲ. ಒಂದು ಸಲ ಬಚಾವಾದದ್ದು ಅದೃಷ್ಟ, ಇನ್ನೊಂದು ಸಲ ಅದನ್ನು ನಂಬಿ ಕೂರುವುದು ಹುಚ್ಚು. ದೊಡ್ಡಾಸ್ಪತ್ರೆಯ ಗೇಟಿನ ಚೀಟಿ ಮಳೆಗೆ ನೆನೆದು ಹರಿದಿತ್ತು, ಬೀಗ ಹಾಗೇ ಇತ್ತು. ಅವಳು ಮತ್ತೆ ಶೆಡ್ಡಿಗೆ ಹೋದಳು. ಕೊನೆಗಾರರು ಕೊಯ್ಲಿಗೆ ಕತ್ತಿ ಮಸೆಯುತ್ತಿದ್ದರು. ಮೂಲೆಯಲ್ಲಿ ಮುದುಕ ಮಂಜಯ್ಯ ಹಗ್ಗ ಹೊಸೆಯುತ್ತಿದ್ದ. ಮರ ಹತ್ತುವಾಗ ಎರಡೂ ಕಾಲಿಗೆ ಸೇರಿಸಿ ಹಾಕಿಕೊಳ್ಳುವ ಹಗ್ಗದ ಬಳೆಗೆ ತಳೆ ಎನ್ನುತ್ತಾರೆ. ಅವನು ಹೊಸೆದ ತಳೆ ಎಂದರೆ ಕಣ್ಣು ಮುಚ್ಚಿ ಹಾಕಿಕೊಳ್ಳಬಹುದು. ಅಲ್ಲಿದ್ದವರಿಗೆಲ್ಲ ಮರ ಹತ್ತಲು ಕಲಿಸಿದವನೂ ಅವನೇ.

"ಜಟ್ಟಪ್ಪ, ಆಪರೇಷನ್ನು ನೀನು ಮಾಡಿಸ್ಕೊ" ಎಂದಳು ಪುಟ್ಟಕ್ಕ, ನಿಂತಲ್ಲೇ.

ಕತ್ತಿ ಮಸೆಯುವ ಸದ್ದು ಒಮ್ಮೆಗೇ ನಿಂತಿತು. ಬೈರಪ್ಪ ಮಾತ್ರ, "ಅಯ್ಯೋ, ಮಸೆದ ಕತ್ತಿ ಇಲ್ಲೇ ಇದೆಯಲ್ಲ, ಆಸ್ಪತ್ರೆಗೆ ಎಂತಕೆ?" ಎಂದ. ಯಾರೂ ನಗಲಿಲ್ಲ.

ಜಟ್ಟಪ್ಪ ನಿಧಾನವಾಗಿ ಹೇಳಿದ: "ಪುಟ್ಟಕ್ಕ, ನನ್ನ ಮನೆ ನಿಂತಿರೋದು ಈ ಎರಡು ತೊಡೆ ಮೇಲೆ. ಆ ನರ ಕಡಿದ್ರೆ ತೊಡೆಯ ಹಿಡಿತ ಹೋಗುತ್ತೆ. ಕೊಯ್ಲಿಗೆ ತಿಂಗಳಿಲ್ಲ. ಮರದ ಅರ್ಧದಲ್ಲಿ ಹಿಡಿತ ತಪ್ಪಿ ನಾನು ಬಿದ್ರೆ ಅನ್ನಮ್ಮ ಹೇಗೆ ಉಳೀತಾಳೆ?"

"ಹಿಡಿತ ಹೋಗುತ್ತೆ ಅಂತ ಯಾರು ಹೇಳಿದ್ದು?"

"ಎಲ್ರೂ ಹೇಳ್ತಾರೆ."

"ಎಲ್ರೂ ಅಂದ್ರೆ ಮಾಡಿಸ್ಕೊಂಡೋರಾ? ಹೊಟ್ಟೆ ಕೊಯ್ಸಿಕೊಂಡು ನಲವತ್ತು ಕೆಜಿ ಕಾಫಿ ಚೀಲ ಹೊತ್ತೋಳು ನಾನು. ನನ್ನ ಯಾವ ಹಿಡಿತ ಹೋಗಿದೆ ನೋಡು!"

"ಹೆಂಗಸ್ರದ್ದು ಬೇರೆ ಅಕ್ಕ. ಆ ಆಪರೇಷನ್ ಆದ ಒಬ್ಬ ಗಂಡಸು ಮರ ಹತ್ತಿದ್ದನ್ನ ತೋರಿಸು. ಒಬ್ಬನ್ನ ತೋರಿಸು. ನಾಳೆನೇ ಬತ್ತೆ."

ತೋರಿಸಲು ಯಾರಿದ್ದಾರೆ? ಪುಟ್ಟಕ್ಕನ ಪುಸ್ತಕದಲ್ಲಿ ಹೆಂಗಸರ ಹೆಸರು ಪುಟಗಟ್ಟಲೆ; ಗಂಡಸರ ಪುಟ ಬಿಳಿ.

ಆಗ ಮೂಲೆಯಿಂದ ಮಂಜಯ್ಯ ಹಗ್ಗದ ಮೇಲಿನ ಕಣ್ಣು ತೆಗೆಯದೆ ಕೇಳಿದ: "ಜಟ್ಟಪ್ಪ, ನಿಂಗೆ ಕಾಲಿಗೆ ತಳೆ ಹಾಕಿದ್ದು ಯಾರು?"

"ನೀನೇ ಅಲ್ಲನ ಅಜ್ಜ."

"ಯಾವ ಇಸವಿ?"

"ತೊಂಬತ್ತೆರಡೋ ಮೂರೋ."

"ಆ ವರ್ಷ ನಾನು ದಿನಕ್ಕೆಷ್ಟು ಮರ ಇಳಿಸ್ತಿದ್ದೆ?"

"ಇನ್ನೂರರ ಮೇಲೆ. ನಿನ್ನ ಸಮಕ್ಕೆ ಯಾರೂ ಇರ್ಲಿಲ್ಲ."

"ನಂಗೆ ಅದು ಆಗಿದ್ದು ಎಪ್ಪತ್ತಾರರಲ್ಲಿ."

"ಎಂತದು ಆಗಿದ್ದು?"

"ಅದೇ ಮಾರಾಯ. ಪುಟ್ಟಕ್ಕ ಹೇಳ್ತಿರೋದು."

ಬೈರಪ್ಪನ ಕೈಯಿಂದ ಮಸೆಗಲ್ಲು ಜಾರಿ ಅವನದೇ ಕಾಲ ಮೇಲೆ ಬಿತ್ತು. ಅವನು ಅಯ್ಯೋ ಎನ್ನುವುದನ್ನೂ ಮರೆತ.

ಮಂಜಯ್ಯ ಹೇಳಿದ. ಎಮರ್ಜೆನ್ಸಿ ಕಾಲ. ಸಂತೆ ಮುಗಿಸಿ ಬರುತ್ತಿದ್ದವನನ್ನು ಜೀಪು ಅಡ್ಡ ಹಾಕಿ ಹತ್ತಿಸಿಕೊಂಡರು. ಹೆಸರು ಕೇಳಿದರು, ಎಷ್ಟು ಮಕ್ಕಳು ಕೇಳಿದರು. ಬೇಕಾ ಬೇಡವಾ ಎಂದು ಮಾತ್ರ ಕೇಳಲಿಲ್ಲ. "ಸಂಜೆಗೆ ಒಂದು ಪ್ಲಾಸ್ಟಿಕ್ ಬಕೆಟ್ ಕೊಟ್ಟು ಬಿಟ್ರು. ಬಕೆಟ್ ಒಡೆದು ಇಪ್ಪತ್ತು ವರ್ಷ ಆಯ್ತು. ನಾನು ಇನ್ನೂ ಒಡೆದಿಲ್ಲ. ಅರವತ್ತರವರೆಗೆ ಮರ ಹತ್ತಿದೀನಿ."

"ಇಷ್ಟು ವರ್ಷ ಹೇಳ್ಲಿಲ್ಲ ಎಂತಕೆ ಅಜ್ಜ?"

"ಹೇಳಿದ್ರೆ ನೀವು ನನ್ನ ಕೈಲಿ ಕಲೀತಿದ್ರಾ?"

ಮಂಜಯ್ಯ ಹೊಸೆದ ಹಗ್ಗವನ್ನು ಕಾಲಿಗೆ ಸಿಕ್ಕಿಸಿ ಎಳೆದು ಗಟ್ಟಿ ನೋಡಿದ. "ಆಗ ಅವ್ರು ಜೀಪು ತಗೊಂಡು ನಮ್ಮ ಹಿಂದೆ ಓಡ್ತಿದ್ರು, ನಾವು ಕಾಡಿಗೆ ಓಡ್ತಿದ್ವಿ. ಈಗ ನಾವು ಜೀಪು ತಗೊಂಡು ಹೋದ್ರೆ ಅವ್ರು ಬೀಗ ಹಾಕ್ಕೊಂಡು ಕೂತಿದಾರೆ. ಎರಡು ಸಲನೂ ನಮ್ಮನ್ನ ಕೇಳಿದೋರಿಲ್ಲ. ಈಗ ನಿಂಗೆ ಬೇಕಾ, ಬೇಡ್ವಾ, ನೀನೇ ಹೇಳು. ಯಾರೂ ಎಳೆಯೋರಿಲ್ಲ."

ಜಟ್ಟಪ್ಪ ಮೇಲೆದ್ದು ಲುಂಗಿ ಕೊಡವಿಕೊಂಡ. "ಪುಟ್ಟಕ್ಕ, ಬೀಗ ಇಲ್ಲದ ಆಸ್ಪತ್ರೆ ಹುಡುಕು."

ಪುಟ್ಟಕ್ಕ ಓಡಿದಳು! ಮೊಬೈಲಿಗೆ ಸಿಗ್ನಲ್ ಸಿಗುವ ರಸ್ತೆಯ ತಿರುವಿನವರೆಗೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿ, ಏದುಸಿರಿನಲ್ಲೇ ನೀಲಾಂಬಿಕೆಗೆ ಫೋನು ಹಚ್ಚಿದಳು. "ಸಿಸ್ಟ್ರೇ, ಒಬ್ಬ ಗಂಡಸು ಒಪ್ಪಿದಾನೆ!"

"ಏನು? ಗಂಡಸಾ? ನಿಜವಾಗ್ಲೂ?" ನೀಲಾಂಬಿಕೆಯ ದನಿಯೂ ಏರಿತು. "ನಮ್ಮೂರ ಕಡೆ ಒಬ್ರು ಡಾಕ್ಟ್ರು ಇದಾರೆ. ಗಂಡಸರದ್ದಕ್ಕೆ ದೊಡ್ಡ ಆಪರೇಷನ್ ಕೋಣೆ ಬೇಡ, ಚೊಕ್ಕ ಕೋಣೆ ಇದ್ರೆ ಸಾಕು. ಹೊಲಿಗೆ ಇಲ್ಲ, ಹತ್ತು ನಿಮಿಷ. ಬೆಳಿಗ್ಗೆಯೆಲ್ಲ ಜ್ವರದ ಸಾಲು ನೋಡ್ತಾರೆ, ಎರಡು ಗಂಟೆ ಮೇಲೆ ಬಿಡುವು. ನಾನು ಕೇಳಿ ಇಡ್ತೀನಿ, ಅಲ್ಲೇ ಬರ್ತೀನಿ. ಒಂದೇ ಮಾತು ಪುಟ್ಟಕ್ಕ, ಶೀತ ಕೆಮ್ಮು ಇದ್ದೋರನ್ನ ಗೇಟಿನೊಳಗೆ ಬಿಡಲ್ಲ."

ಬುಧವಾರ ಬಾಡಿಗೆಗೆ ಓಡಿಸುವ ರಾಜೇಶನ ಜೀಪು ಹೊರಟಿತು. ಮುಂದೆ ಪುಟ್ಟಕ್ಕ, ಹಿಂದೆ ಜಟ್ಟಪ್ಪ, ಮಂಜಯ್ಯ, ಸಾಕ್ಷಿಗೆಂದು ಬೈರಪ್ಪ. ಜಯಪುರ ದಾಟಿತು, ಕೊಪ್ಪ ದಾಟಿತು. ನರಸಿಂಹರಾಜಪುರ ಹತ್ತಿರ ಬಂದಾಗ ಜಟ್ಟಪ್ಪನ ಮುಖ ಸುಣ್ಣ ಬಳಿದಂತಾಗಿತ್ತು. ಬೈರಪ್ಪನಿಗೆ ಕನಿಕರ ಬಂತು. ಧೈರ್ಯಕ್ಕಿರಲಿ ಎಂದು ತನ್ನ ನಶ್ಯದ ಡಬ್ಬಿ ತೆಗೆದು ಒಂದು ದೊಡ್ಡ ಚಿಟಿಕೆ ಕೊಟ್ಟ. ಜನ್ಮದಲ್ಲಿ ನಶ್ಯ ಮುಟ್ಟದ ಜಟ್ಟಪ್ಪ ಎರಡೂ ಹೊಳ್ಳೆಗೆ ಏರಿಸಿದ.

ಜೀಪು ನಿಂತದ್ದೂ, ಜಟ್ಟಪ್ಪ ಇಳಿದದ್ದೂ, ಸೀನು ಶುರುವಾದದ್ದೂ ಒಟ್ಟಿಗೇ. ಒಂದಲ್ಲ ಎರಡಲ್ಲ, ಒಂಬತ್ತು ಸೀನು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಗೇಟಿನವನು ಎರಡು ಮಾರು ಹಿಂದೆ ಹಾರಿದ. "ಏಯ್! ಅಲ್ಲೇ ನಿಲ್ಲು! ಜ್ವರದ ಸಾಲು ಆ ಕಡೆ!"

"ಜ್ವರ ಅಲ್ಲ ಸ್ವಾಮಿ, ನಶ್ಯ" ಎಂದಳು ಪುಟ್ಟಕ್ಕ.

"ಎಲ್ರೂ ಒಂದೊಂದು ಕಥೆ ಹೇಳ್ತಾರಮ್ಮ."

ಪುಟ್ಟಕ್ಕ ಬೈರಪ್ಪನ ಕೈಯಿಂದ ಡಬ್ಬಿ ಕಿತ್ತುಕೊಂಡು, ಗೇಟಿನವನ ಎದುರಿಗೇ ತಾನೂ ಒಂದು ಚಿಟಿಕೆ ಏರಿಸಿದಳು. ಮರುಕ್ಷಣ ಅವಳಿಗೂ ಸೀನು, ಜಟ್ಟಪ್ಪನಿಗಿಂತ ಜೋರು. "ನೋಡಿ... ಆಕ್ಷೀ! ... ನಂಗೂ ಬಂತಾ ಹಂದಿಜ್ವರ? ... ಆಕ್ಷೀ! ... ನಿಮ್ಗೂ ಬೇಕಾ ಒಂದು ಚಿಟಿಕೆ?" ಗದ್ದಲ ಕೇಳಿ ಹೊರಬಂದ ನೀಲಾಂಬಿಕೆ ಮಾಸ್ಕಿನೊಳಗೇ ನಗುತ್ತ ಜಟ್ಟಪ್ಪನ ಬಾಯಿಗೆ ಥರ್ಮಾಮೀಟರ್ ಇಟ್ಟಳು. ಜ್ವರವಿಲ್ಲ. ಬೈರಪ್ಪನನ್ನು ಡಬ್ಬಿಯ ಸಮೇತ ಜೀಪಿನಲ್ಲೇ ಕೂರಿಸಿದರು. ಜಟ್ಟಪ್ಪ ಒಳಗೆ ಹೋದ.

ಬಾಗಿಲು ಮುಚ್ಚಿತು. ಪುಟ್ಟಕ್ಕನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮಂಜಯ್ಯ ಬೀಡಿ ತೆಗೆದ. "ಅದನ್ನ ಮಾತ್ರ ಹಚ್ಚಬೇಡ ಅಜ್ಜ" ಎಂದಳು. ಯಾಕೆಂದು ಅವನು ಕೇಳಲಿಲ್ಲ, ಕಿವಿಗೆ ಸಿಕ್ಕಿಸಿಕೊಂಡ. ಕಾಲು ಗಂಟೆಗೆ ಜಟ್ಟಪ್ಪ ತಾನೇ ನಡೆದುಕೊಂಡು ಹೊರಬಂದ.

"ಆಯ್ತಾ?"

"ಆಯ್ತಂತೆ."

"ಅಂತೆ ಅಂದ್ರೆ ಎಂತದು ಮಾರಾಯ?"

"ಇರುವೆ ಕಚ್ಚಿದಂಗಾಯ್ತು. ಶುರು ಮಾಡಿ ಅಂದೆ, ಡಾಕ್ಟ್ರು ಮುಗೀತು ಏಳು ಅಂದ್ರು."

ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು. ಹತ್ತು ದಿನ ಮರದ ಸುದ್ದಿ ಬೇಡ. ಮೂರು ತಿಂಗಳು ನಿರೋಧ್ ಬಿಡಬೇಡ. ಹಳೆಯದು ಒಳಗೆ ಉಳಿದಿರುತ್ತದೆ, ಆಮೇಲೆ ಪರೀಕ್ಷೆ ಮಾಡಿಸಿ ನೋಡಬೇಕು. ಈ ಸಲ ಪುಟ್ಟಕ್ಕ ಕೊಟ್ಟೆಯ ಸುದ್ದಿ ಎತ್ತಲಿಲ್ಲ. "ಒಂದು ಸಲಕ್ಕೆ ಒಂದು. ಆದ ಮೇಲೆ ಹೂಳು. ತೊಳೆದು ಅಟ್ಟಕ್ಕೆ ಹಾಕಿದ್ಯೋ, ನಿನ್ನನ್ನೇ ಅಟ್ಟಕ್ಕೆ ಹಾಕ್ತೀನಿ. ತಿರುಗಿ ಹೇಳು ನೋಡುವ." ಜಟ್ಟಪ್ಪ ಜೀಪಿನಲ್ಲಿ ಕೂತು ಮೂರು ಸಲ ತಿರುಗಿ ಹೇಳಿದ. ರಾಜೇಶನಿಗೂ ಬಾಯಿಪಾಠವಾಯಿತು.

ಹತ್ತು ದಿನದಲ್ಲಿ ಸುದ್ದಿ ಕಮ್ಮರಡಿಯವರೆಗೂ ಹೋಯಿತು. ಹನ್ನೊಂದನೇ ದಿನ ಬೆಳಿಗ್ಗೆ ಜಟ್ಟಪ್ಪ ಕೊಟ್ಟೆ ಇಳಿಸಲು ಮರ ಹತ್ತುತ್ತಾನಂತೆ ಎಂದು ತಿಳಿದು ಕೊನೆಗಾರರೆಲ್ಲ ತಮ್ಮ ಕೆಲಸ ಬಿಟ್ಟು ಬಂದರು. ಅವರ ಹಿಂದೆ ಅವರ ಹೆಂಡಂದಿರು. ಕೋಳಿ ಬಾಜಿ ಕಟ್ಟಿದವರಿದ್ದರು. ಬೀಳುತ್ತಾನೆ ಎಂದು ಒಂದು ಹುಂಜ, ಬೀಳುವುದಿಲ್ಲ ಎಂದು ಎರಡು ಹ್ಯಾಟೆ. ಪುಟ್ಟಕ್ಕ ಕಟ್ಟಿದ ಬಾಜಿ ಇನ್ನೂ ದೊಡ್ಡದು. ಇವನ ಕಾಲು ಒಂದೇ ಒಂದು ಸಲ ಜಾರಿದರೆ, ಪಾಚಿಯಿಂದಲೇ ಜಾರಲಿ, ಈ ಸೀಮೆಯಲ್ಲಿ ಇನ್ನೊಬ್ಬ ಗಂಡಸು ಆ ಟೇಬಲ್ ಹತ್ತುವುದಿಲ್ಲ. ಅನ್ನಮ್ಮ ಮಗುವನ್ನು ಸೊಂಟಕ್ಕೇರಿಸಿ ಜನರಿಂದ ಸ್ವಲ್ಪ ದೂರ ನಿಂತಿದ್ದಳು.

ಮಂಜಯ್ಯ ತಾನು ಹೊಸೆದ ಹೊಸ ತಳೆಯನ್ನು ಬಗ್ಗಿ ಜಟ್ಟಪ್ಪನ ಕಾಲಿಗೆ ತಾನೇ ಹಾಕಿದ. ಜಟ್ಟಪ್ಪ ಮರ ತಬ್ಬಿದ. ಒಂದು ಎಗರು, ಎರಡು, ಐದು, ಹತ್ತು. ತೊಡೆ ಮರವನ್ನು ಕಚ್ಚಿ ಕಚ್ಚಿ ಮೇಲೇರಿತು. ಅರ್ಧಕ್ಕೆ ಹೋದವನು ಇದ್ದಕ್ಕಿದ್ದಂತೆ ನಿಂತ.

ಪುಟ್ಟಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಬೈರಪ್ಪ, "ಹಿಡಿತ ಹೋಯ್ತಾ ಮಾರಾಯಾ?" ಎಂದು ಕಿರುಚಿದ.

ಜಟ್ಟಪ್ಪ ಪಕ್ಕಕ್ಕೆ ತಿರುಗಿ ಬಾಯಲ್ಲಿದ್ದ ಎಲೆಅಡಿಕೆ ಉಗಿದ. ಅದು ಬೈರಪ್ಪನ ಮುಂಡಾಸಿನಿಂದ ಒಂದು ಗೇಣು ದೂರದಲ್ಲಿ ಬಿತ್ತು. ಮತ್ತೆ ಏರಿದ. ತುದಿ ಮುಟ್ಟಿ, ಕೊಟ್ಟೆ ಬಿಚ್ಚಿ ಕೆಳಗೆಸೆದ, ಮರವನ್ನು ತೂಗಿದ, ತೂಗಿ ಬಾಗಿಸಿ ಪಕ್ಕದ ಮರಕ್ಕೆ ಕೈ ಹಾಕಿ ಹಾರಿದ! ಹಾರಿ ಅಪ್ಪಿದ ಮರ ಅಲುಗಾಡಿತೇ ಹೊರತು ಅವನು ಅಲುಗಲಿಲ್ಲ. ಎರಡನೇ ಮರ, ಮೂರನೇ ಮರ, ಹತ್ತು, ಹದಿನೈದು. ಕೊಟ್ಟೆಗಳು ಮೇಲಿಂದ ತೇಲಿ ತೇಲಿ ಬೀಳುತ್ತಿದ್ದವು. ಕೆಳಗಿನವರು ಕತ್ತು ಮೇಲೆ ಮಾಡಿಕೊಂಡು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಮರದಿಂದ ಮರಕ್ಕೆ ಓಡಿದರು. ಅನ್ನಮ್ಮನೂ ಓಡಿದಳು. ಹದಿನೆಂಟನೇ ಮರದ ನೆತ್ತಿಯಿಂದ ಜಟ್ಟಪ್ಪನ ಕೂಗು ಬಂತು:

"ಬೈರಪ್ಪಾ! ಮುಂದಿನ ಜೀಪು ಯಾವಾಗ ಅಂತ ಪುಟ್ಟಕ್ಕನ್ನ ಕೇಳೋ!"

ಹೆಂಗಸರು ಚಪ್ಪಾಳೆ ಹೊಡೆದರು. ಒಬ್ಬಳು ತನ್ನ ಗಂಡನ ಕಡೆ ತಿರುಗಿ, "ಕೇಳಿಸ್ತಾ?" ಎಂದಳು. ಬೈರಪ್ಪ ಕೇಳಿದ, ಬಹಳ ಮೆತ್ತಗೆ. ನವೆಂಬರ್ ಮುಗಿಯುವುದರೊಳಗೆ ಅವನನ್ನೂ ಸೇರಿಸಿ ಇನ್ನೂ ಆರು ಜನ ಹೋಗಿ ಬಂದರು. ಯಾರನ್ನೂ ಎಳೆದದ್ದಿಲ್ಲ, ಯಾರಿಗೂ ಬಕೆಟ್ ತೋರಿಸಿದ್ದಿಲ್ಲ. ನಶ್ಯದ ಡಬ್ಬಿಯನ್ನು ಮಾತ್ರ ಪುಟ್ಟಕ್ಕ ಜೀಪು ಹತ್ತುವಾಗಲೇ ಕಸಿದಿಟ್ಟುಕೊಳ್ಳುತ್ತಿದ್ದಳು. ಜನವರಿಯಲ್ಲಿ ಜಟ್ಟಪ್ಪನ ಪರೀಕ್ಷೆಯಾಯಿತು. ನೀಲಾಂಬಿಕೆ ಫೋನಿನಲ್ಲಿ, "ಒಂದೂ ಇಲ್ಲ ಪುಟ್ಟಕ್ಕ, ಪೂರಾ ಖಾಲಿ!" ಎಂದು ಕೂಗಿದಾಗ ಪುಟ್ಟಕ್ಕ ರಸ್ತೆಯ ತಿರುವಿನಲ್ಲಿ ಒಬ್ಬಳೇ ಕುಣಿದಳು. ಹಾದುಹೋದ ಬಸ್ಸಿನವರು ಕಿಟಕಿಯಲ್ಲಿ ತಲೆಹಾಕಿ ನೋಡಿದರು. ನೋಡಲಿ! ಅನ್ನಮ್ಮ ಫೆಬ್ರವರಿಯಲ್ಲಿ ಕಾಫಿ ಕೊಯ್ಲಿಗೆ ಹೋದಳು, ಮೈಯಲ್ಲಿ ಹನ್ನೊಂದೂವರೆ ರಕ್ತ ಇಟ್ಟುಕೊಂಡು.

ಇನ್ನು ದುಡ್ಡಿನ ಮಾತು. ಪುಟ್ಟಕ್ಕ ಏಳು ಜನರ ಕಾಗದ ಹಿಡಿದು ಆಫೀಸಿಗೆ ಹೋದಳು. ಗುಮಾಸ್ತ ಪುಟ ತಿರುವಿ ಹೇಳಿದ: "ಆ ತಿಂಗಳುಗಳಲ್ಲಿ ಕ್ಯಾಂಪು ರದ್ದಾಗಿತ್ತಲ್ಲಮ್ಮ. ಕ್ಯಾಂಪಿಲ್ಲದೆ ಆಪರೇಷನ್ ಹೇಗಾಗುತ್ತೆ?"

"ಕ್ಯಾಂಪು ರದ್ದಾಗಿತ್ತು ಸ್ವಾಮಿ. ಗಂಡಸ್ರು ರದ್ದಾಗಿರ್ಲಿಲ್ಲ."

ಅವನು ಕಾಗದವನ್ನು ಮೇಲಿನವರಿಗೆ ಕಳಿಸಿದ. ಅದು ಮೇಲೆಯೇ ಇದೆ. ಮರ ಹತ್ತಿದ ಜಟ್ಟಪ್ಪ ಇಳಿದು ಬಂದ, ಮೇಲೆ ಹತ್ತಿದ ಕಾಗದ ಇಳಿದು ಬರಲಿಲ್ಲ.

ಪುಟ್ಟಕ್ಕ ಅದನ್ನು ಹೇಳುವಾಗ ನಗುತ್ತಾಳೆ. ಅವಳು ನಗದ ಲೆಕ್ಕ ಬೇರೆ ಇದೆ. ಗೇಟಿನಲ್ಲಿ ಖಾಲಿ ಹೊಟ್ಟೆಯಲ್ಲಿ ನಿಂತು ವಾಪಸಾದ ಹತ್ತೊಂಬತ್ತು ಹೆಂಗಸರಲ್ಲಿ ಐವರು ಮುಂದಿನ ಮಳೆಗಾಲದೊಳಗೆ ಬೇಡದ ಬಸುರು ಹೊತ್ತರು. ಅವರಲ್ಲೊಬ್ಬಳು ಹೆರಿಗೆಯಲ್ಲಿ ಹೋದಳು. ಅವಳನ್ನು ಕೊಂದದ್ದು ಹಂದಿಜ್ವರವಲ್ಲ. ಹಂದಿಜ್ವರದ ಲೆಕ್ಕದಲ್ಲಿ ಅವಳ ಹೆಸರಿಲ್ಲ, ಬೀಗದ ಲೆಕ್ಕವನ್ನು ಬರೆದಿಟ್ಟವರಿಲ್ಲ.

ಇನ್ನೊಂದು ಜ್ವರ ಬಂದೇ ಬರುತ್ತದೆ. ನಿಮ್ಮೂರ ಆಸ್ಪತ್ರೆಯ ಗೇಟಿಗೂ ಒಂದು ಚೀಟಿ ಅಂಟುತ್ತದೆ. ಅವತ್ತು ಚೀಟಿ ಓದಿ ತಲೆಯಾಡಿಸಿ ಮನೆಗೆ ಬರಬೇಡಿ. ಈ ಬಾಗಿಲು ಮುಚ್ಚಿದರೆ ಹೆಂಗಸರಿಗೆ ತೆರೆದಿರುವ ಇನ್ನೊಂದು ಬಾಗಿಲು ಯಾವುದು ಎಂದು ಕೇಳಿ, ಅದನ್ನು ಅದೇ ಚೀಟಿಯ ಮೇಲೆ ಬರೆಸಿ, ಬರೆಯುವವರೆಗೆ ಗೇಟು ಬಿಟ್ಟು ಕದಲಬೇಡಿ. ಓದುತ್ತಿರುವವರು ಗಂಡಸಾಗಿದ್ದರೆ ನಿಮಗೆ ಇನ್ನೂ ಒಂದು ಪ್ರಶ್ನೆ ಉಂಟು. ನಿಮ್ಮ ಮನೆಯಲ್ಲಿ ಹೊಟ್ಟೆ ಕೊಯ್ಯಿಸಿಕೊಂಡವರು ಯಾರು, ಹೊರಗೆ ಬೀಡಿ ಸೇದುತ್ತ ಕೂತವರು ಯಾರು? ಜೀಪಿನಲ್ಲಿ ಜಾಗವಿದೆ. ನಿಮ್ಮನ್ನು ಯಾರೂ ಎಳೆಯುವುದಿಲ್ಲ. ಹತ್ತುತ್ತೀರೋ ಇಲ್ಲವೋ, ಹೇಳಿ.